ಒಣಗದ ಫೋಟೊ

...ಇಲ್ಲ, ಯುದ್ಧ ಮುಗಿದ ಮೇಲೆ ಚಿಕ್ಕಪ್ಪನ ಫೋಟೊ ಅಂಗಡಿ ಕೆಂಗೇರಿಯಲ್ಲಿರಲಿಲ್ಲ, ರಾಜಾಜಿನಗರಕ್ಕೆ ಬಂದಾಗಿತ್ತು. ಅಥವಾ ಎರಡು ಅಂಗಡಿಗಳನ್ನು ನಾನೇ ಕಲಸಿ ಒಂದು ಮಾಡಿಕೊಂಡಿದ್ದೇನೋ! ನನ್ನ ನೆನಪನ್ನು ನಾನೇ ನಂಬುವುದಿಲ್ಲ, ನೀವೇಕೆ ನಂಬಬೇಕು? ಒಂದು ಮಾತು ಮಾತ್ರ ಖಂಡಿತ: ನಮ್ಮ ಚಿಕ್ಕಪ್ಪನಷ್ಟು ನಿಧಾನದ ಫೋಟೊಗ್ರಾಫರ್ ಲೋಕದಲ್ಲಿ ಇನ್ನೊಬ್ಬರಿರಲಾರರು. ಯುದ್ಧಕಾಲದಲ್ಲಿ ತೆಗೆದ ಒಂದು ಫೋಟೊ ಹನ್ನೆರಡು ವರ್ಷವಾದರೂ ಅವರಲ್ಲಿ ಒಣಗಿರಲಿಲ್ಲ!

ಆ ಯುದ್ಧದ ದಿನಗಳಲ್ಲಿ, ರಜೆ ಮುಗಿಸಿ ಹೊರಡುವ ಸಿಪಾಯಿಗಳು ಹೆಂಡತಿ ಮಕ್ಕಳನ್ನು ಕರೆದುಕೊಂಡು ಸ್ಟುಡಿಯೊಗೆ ಬರುತ್ತಿದ್ದರು. ಪರದೆಯ ಮೇಲೆ ಅರಮನೆಯ ಮೆಟ್ಟಿಲು. ಅದರ ಮುಂದೆ ಬರಿಗಾಲಿನ ಸಂಸಾರ. ಹೆಂಡತಿಯ ಕೈಗೆ ಚಿಕ್ಕಪ್ಪ ತಮ್ಮ ಕೆಟ್ಟು ನಿಂತ ವಾಚು ಕಟ್ಟುತ್ತಿದ್ದರು. ಸುತ್ತಲ ಹಳ್ಳಿಗಳ ಸಿಪಾಯಿಗಳ ಹೆಂಡಿರೆಲ್ಲ ಫೋಟೊದಲ್ಲಿ ಇವತ್ತಿಗೂ ನಾಲ್ಕೂ ಹತ್ತರಲ್ಲೇ ಕೂತಿದ್ದಾರೆ! "ಉಸಿರು ಹಿಡೀರಿ" ಎಂದವರು "ಬಿಡಿ" ಎನ್ನಲು ಮರೆಯುತ್ತಿದ್ದರು. ಬರ್ಮಾಕ್ಕೆ ಹೊರಟ ಗಂಡಸರು ಇಲ್ಲೇ ಕಣ್ಣು ಮೇಲೆ ಮಾಡಿದರೆ ಆಶ್ಚರ್ಯವೇ?

ಹೇರೋಹಳ್ಳಿಯ ಒಬ್ಬಾಕೆ ಪ್ರತಿವರ್ಷ ಮಹಾಲಯ ಅಮಾವಾಸ್ಯೆಗೆ ಮುಂಚೆ ಬರುತ್ತಿದ್ದಳು. ಫೋಟೊ ತೆಗೆಸಿಕೊಂಡು ಹೋದ ಗಂಡನ ಸುದ್ದಿಯೇ ಇರಲಿಲ್ಲ. ಫೋಟೊ ತಂದು ಹಾರ ಹಾಕಿ, ಸತ್ತವರ ಜೊತೆ ತನ್ನ ಮಗನಿಗೂ ಎಡೆ ಇಡಬೇಕೆಂದು ಅತ್ತೆಯ ಹಟ. ಹಾರ ಬಿದ್ದಿದ್ದರೆ ಅದೇ ದಿನ ಈಕೆಯ ಹಣೆಯ ಕುಂಕುಮ ಹೋಗುತ್ತಿತ್ತು.

"ಆಯ್ತಾ ಸ್ವಾಮಿ, ಫೋಟ?"

"ಇನ್ನೂ ಒಣಗಿಲ್ಲ ಕಣಮ್ಮ."

"ಹೋದ್ವರ್ಸಾನೂ ಇದೇ ಅಂದ್ರಿ!"

"ಮೋಡ ಹೇಗಿದೆ ನೋಡು. ಬಿಸಿಲು ಬರಲಿ."

ಹೊರಗೆ ನೆತ್ತಿ ಸುಡುವ ಬಿಸಿಲು!

"ನಮ್ಮತ್ತೆಗೆ ಏನಂತ ಯೋಳ್ಲಿ?"

"ಫೋಟೊದವನಿಗೆ ತಲೆ ಕೆಟ್ಟಿದೆ ಅನ್ನು."

"ಅದ ಆಗ್ಲೇ ಯೋಳಿವ್ನಿ!"

ಬೈಯುತ್ತಲೇ ಹೊರಡುತ್ತಿದ್ದಳು. ಬಾಗಿಲ ಪಕ್ಕದ ಕನ್ನಡಿಯ ಮುಂದೆ ಮಾತ್ರ ನಿಂತು, ಕುಂಕುಮ ತಿದ್ದಿಕೊಂಡು ಹೋಗುತ್ತಿದ್ದಳು.

ಚಿಕ್ಕಪ್ಪ ತೀರಿಕೊಂಡ ಮೇಲೆ, ಹೇರೋಹಳ್ಳಿ ಎಂದು ಬರೆದ ಲಕೋಟೆಯಲ್ಲಿ ಒಂದು ಗಾಜಿನ ನೆಗೆಟಿವ್ ಪ್ಲೇಟು ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದೆ. ಹೆಂಡತಿ, ವಾಚು, ಮಡಿಲ ಮಗು ಎಲ್ಲ ಸ್ಪಷ್ಟ. ಸಿಪಾಯಿ ಕಡೇ ಗಳಿಗೆಯಲ್ಲಿ ಮಗುವಿನ ಕಡೆ ತಿರುಗಿಬಿಟ್ಟಿದ್ದ. ಮುಖವಿರಬೇಕಾದಲ್ಲಿ ಬಟ್ಟೆಯಿಂದ ಒರೆಸಿದಂಥ ಗುರುತು. ಚಿಕ್ಕಪ್ಪ ಅಷ್ಟು ವರ್ಷ ಮುಚ್ಚಿಟ್ಟದ್ದು ಕೆಟ್ಟ ಫೋಟೊವನ್ನೋ, ಕಾಪಾಡಿದ್ದು ಆಕೆಯ ಕುಂಕುಮವನ್ನೋ?

ಆ ವರ್ಷವೂ ಅಮಾವಾಸ್ಯೆಗೆ ಮುಂಚೆ ಆಕೆ ಬಂದಳು. ಅಂಗಡಿಯಲ್ಲಿ ನಾನಿದ್ದೆ. ಚಿಕ್ಕಪ್ಪ ಹೋದರೆಂದು ಹೇಳಿದೆ.

"ಫೋಟ?" ಎಂದಳು, ಮೆಲ್ಲಗೆ.

"ಒಣಗಿಲ್ಲಮ್ಮ."

ಆಕೆ ಕನ್ನಡಿಯ ಕಡೆ ತಿರುಗಿದಳು.

ಮರುವರ್ಷ ಬರಲಿಲ್ಲ. ಅತ್ತೆ ಸತ್ತಳೋ, ಗಂಡ ಬಂದನೋ, ಫೋಟೊ ಇಲ್ಲದೆಯೇ ಎಡೆ ಇಟ್ಟರೋ, ನನಗೆ ಗೊತ್ತಿಲ್ಲ.