ಪರದೆಯ ಮೇಲೆ ಅರ್ಧ ಮದುಮಗ

ಫೈಸಲ್ ಮಾಡಿದ ತಪ್ಪು ಇಷ್ಟೇ: ಸುಮ್ಮನೆ ಕೂತಿರಬೇಕಾದ ಹೊತ್ತಿನಲ್ಲಿ ಎದ್ದು ನಿಂತ.

ಶಿವಾಜಿನಗರದ ಶಾದಿ ಮಹಲೊಂದರಲ್ಲಿ ಅವನ ಮಾಮು ನಜೀರ್ ಸಾಹೇಬರ ಮಗ ಆದಿಲ್‌ನ ನಿಕಾಹ್. ಗಂಡಸರು ಕೆಳಗಿನ ಹಾಲಿನಲ್ಲಿ, ಹೆಂಗಸರು ಮಹಡಿಯಲ್ಲಿ. ಕೆಳಗೆ ನಡೆಯುವುದೆಲ್ಲ ಮೇಲಿನವರಿಗೂ ಕಾಣಲಿ ಎಂದು ಮಹಡಿಯ ಗೋಡೆಗೆ ಎಲ್‌ಇಡಿ ಪರದೆ ಕಟ್ಟಿದ್ದರು. ಕ್ಯಾಮೆರಾ ಕೆಳಗೆ, ಪರದೆ ಮೇಲೆ, ಎರಡರ ನಡುವೆ ಒಂದು ಕಂಪ್ಯೂಟರ್. ಆ ಕಂಪ್ಯೂಟರ್ ಖಾಜಿ ಸಾಹೇಬರು ಒಳಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಪ್ರಾಣ ಬಿಟ್ಟಿತು.

ಮಹಲಿನ ಕರೆಂಟು, ಪರದೆ ನೋಡಿಕೊಳ್ಳುವ ಅಮರಪ್ಪ ರಾಯಚೂರು ಕಡೆಯವನು. ಅವನು ನೇರವಾಗಿ ಕೈ ಮುಗಿದುಬಿಟ್ಟ. "ನನಗ ಸ್ವಿಚ್ ಹಾಕೋದು, ತಗಿಯೋದು ಅಷ್ಟೇ ಗೊತ್ರೀ ಸಾಹೇಬ್ರ. ಒಳಗಿಂದು ಆ ದೇವರಿಗೇ ಗೊತ್ತು."

"ನಾನು ನೋಡ್ಕೊಳ್ತೀನಿ ಮಾಮು," ಎಂದು ಮದುಮಗನ ಪಕ್ಕದ ಕುರ್ಚಿಯಿಂದ ಫೈಸಲ್ ಎದ್ದ.

ಯಾಕೆ ಎದ್ದ ಎನ್ನುತ್ತೀರಾ? ಕಾರಣ ಮಹಡಿಯ ಮೇಲಿತ್ತು. ಮದುಮಗಳ ಕಡೆಯ ನೆಂಟರಾದ ಕಮ್ಮನಹಳ್ಳಿಯ ಜಹನಾರಾ ಖಾಲಾ ತಮ್ಮ ಮಗಳು ಬುಷ್ರಾಳನ್ನು ಕರೆದುಕೊಂಡು ಬಂದಿದ್ದರು. ಬುಷ್ರಾಳನ್ನೇ ಮದುವೆಯಾಗಬೇಕೆಂದು ಫೈಸಲ್ ಒಂದು ವರ್ಷದ ಹಿಂದೆಯೇ ನಿಶ್ಚಯಿಸಿದ್ದ. ಈ ಸಂಗತಿಯನ್ನು ಬುಷ್ರಾಳಿಗೆ ಮಾತ್ರ ಇನ್ನೂ ಯಾರೂ ಹೇಳಿರಲಿಲ್ಲ. ಖಾಲಾ ಮಗಳಿಗೆ ಗಂಡು ಹುಡುಕುತ್ತಿದ್ದಾರೆ ಎಂದು ಫೈಸಲ್‌ನ ಅಕ್ಕ ಅರೀಬಾ ಬೆಳಿಗ್ಗೆಯೇ ಅವನ ಕಿವಿಯಲ್ಲಿ ಊದಿದ್ದಳು. ಪರದೆಯಲ್ಲಿ ಖಾಲಾರ ಕಣ್ಣಿಗೆ ಬೀಳಲಿ ಎಂದೇ ಮಾಮುವನ್ನು ಕಾಡಿ ಬೇಡಿ ಅವನಿಗೆ ಮದುಮಗನ ಪಕ್ಕದ ಕುರ್ಚಿಯನ್ನೂ ಕೊಡಿಸಿದ್ದಳು. ಆದರೆ ನಮ್ಮ ಹುಡುಗನಿಗೆ ಅಷ್ಟು ಸಾಲದೆ ಹೋಯಿತು. ಕುರ್ಚಿಯಲ್ಲಿ ಗೊಂಬೆಯ ಹಾಗೆ ಯಾರು ಬೇಕಾದರೂ ಕೂರುತ್ತಾರೆ, ಸತ್ತ ಪರದೆಗೆ ಜೀವ ಕೊಟ್ಟವನನ್ನು ಯಾವ ಅತ್ತೆ ತಾನೇ ಬೇಡವೆಂದಾಳು ಎಂದು ಅವನ ಲೆಕ್ಕಾಚಾರ.

"ಸಲ್ಮಾನ್, ಸ್ವಲ್ಪ ಹೊತ್ತು ನನ್ನ ಜಾಗದಲ್ಲಿ ಕೂತಿರು ಮಗಾ. ಖಾಲಿ ಬಿಟ್ರೆ ಯಾರಾದ್ರೂ ಹಿಡ್ಕೊಂಡ್ಬಿಡ್ತಾರೆ," ಎಂದು ಗೆಳೆಯನನ್ನು ಕುರ್ಚಿಗೆ ತಳ್ಳಿ ಓಡಿದ.

ಫೈಸಲ್ ಕೆಲಸ ಮಾಡುವ ಡಿಟಿಪಿ ಅಂಗಡಿ ಬಸ್ ಸ್ಟ್ಯಾಂಡ್ ಹತ್ತಿರವೇ. ಅಲ್ಲಿಂದ ತನ್ನ ಕಂಪ್ಯೂಟರನ್ನು ಆಟೋದಲ್ಲಿ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ. ಅದರಲ್ಲಿದ್ದದ್ದು ಲಿನಕ್ಸ್. ಕಾಸಿಲ್ಲದೆ ಸಿಗುವ, ಯಾರು ಬೇಕಾದರೂ ಒಳಗೆ ಕೈ ಹಾಕಿ ತಿದ್ದಬಹುದಾದ ಈ ತಂತ್ರಾಂಶದ ಗುಣಗಾನಕ್ಕೆ ಅವನು ನಿಂತನೆಂದರೆ ಕೇಳುವವನಿಗೆ ಬಸ್ಸು ತಪ್ಪುವುದು ಗ್ಯಾರಂಟಿ.

"ಇದು ಕೆಡೋದೇ ಇಲ್ಲ ಮಾಮು. ಎಂಥ ಪರದೆ ಕೊಟ್ರೂ ಹೊಂದ್ಕೊಂಡು ಹೋಗತ್ತೆ," ಎಂದು ವೇದಿಕೆಯ ಬಲಮೂಲೆಯ ಮೇಜಿನ ಮೇಲೆ ಅದನ್ನು ಕೂರಿಸಿ, ತಂತಿ ಚುಚ್ಚಿದ. ಮಹಡಿಯ ಪರದೆ ಬೆಳಗಿತು. ಅದರ ಹಿಂದೆಯೇ ಅವನ ಫೋನೂ ಬಡಿದುಕೊಂಡಿತು.

"ಲೋ, ದುಲ್ಹಾ ಎಲ್ಲೋ?" ಅರೀಬಾಳ ದನಿ. ಗಂಡಸರು ಮಹಡಿ ಹತ್ತುವಂತಿರಲಿಲ್ಲ. ಮೇಲೆ ಏನು ಕಾಣುತ್ತಿದೆ ಎಂದು ತಿಳಿಯಲು ಫೈಸಲ್‌ಗೆ ಅಕ್ಕನ ಬಾಯೇ ಗತಿ.

"ಮಧ್ಯದಲ್ಲೇ ಕೂತಿದಾನಲ್ಲ ಆಪಾ!"

"ಅವನ ಒಂದು ಮೊಣಕೈ ಮಾತ್ರ ಬಂದಿದೆ. ಮಿಕ್ಕಿದ್ದೆಲ್ಲ ಸಲ್ಮಾನೇ! ಇಲ್ಲಿ ಎಲ್ರೂ ಯಾರವನು, ಯಾರವನು ಅಂತ ನನ್ನ ಪ್ರಾಣ ತಿಂತಿದಾರೆ."

ಫೈಸಲ್‌ಗೆ ವಿಷಯ ಹೊಳೆಯಿತು. ಕಂಪ್ಯೂಟರ್ ಕಳಿಸುತ್ತಿದ್ದ ಚಿತ್ರ ಅಗಲವಾದದ್ದು, ಗೋಡೆಯ ಪರದೆ ಅದರಲ್ಲಿ ಅರ್ಧ. ಎಡಗಡೆಯ ಅರ್ಧ ಪರದೆಗೆ ಹೋಗಿ, ಉಳಿದರ್ಧ ಎಲ್ಲಿಗೂ ಹೋಗುತ್ತಿರಲಿಲ್ಲ. ಇಡೀ ಚಿತ್ರ ಹಿಡಿಸಬೇಕಾದರೆ ಪರದೆಯ ಸರಿಯಾದ ಅಳತೆ ಕೊಡಬೇಕು. ಕಂಪ್ಯೂಟರಿಗೆ ಗೊತ್ತಿದ್ದ ಅಳತೆಗಳಲ್ಲಿ ಅದು ಇರಲೇ ಇಲ್ಲ. ಇರದಿದ್ದರೇನಂತೆ, ಲಿನಕ್ಸಿನಲ್ಲಿ ನಮಗೆ ಬೇಕಾದ ಅಳತೆಯನ್ನು ನಾವೇ ಸೇರಿಸಿಕೊಳ್ಳಬಹುದು. ಮೊದಲು ಲೆಕ್ಕ ಹಾಕಿಸಿ, ಹೊಸ ಅಳತೆಗೊಂದು ಹೆಸರಿಟ್ಟು, ಅದನ್ನು ಪರದೆಗೆ ಗಂಟು ಹಾಕಿದರೆ ಮುಗಿಯಿತು.

"ಐದೇ ನಿಮಿಷ ಆಪಾ. ಸಲ್ಮಾನ್ ಯಾರು ಅಂತ ಕೇಳಿದ್ರೆ ಒಳ್ಳೆ ಹುಡುಗ, ಮಾರ್ಕೆಟ್ ಹತ್ರ ಸ್ವಂತ ಬಟ್ಟೆ ಅಂಗಡಿ ಇದೆ ಅಂತ ಹೇಳಿ ಸುಮ್ನಿರ್ಸು."

ಕಪ್ಪು ಕಿಟಕಿಯೊಂದನ್ನು ತೆರೆದು ಲೆಕ್ಕ ಕೇಳಿದ. ಕಂಪ್ಯೂಟರ್ ಒಂದು ಸಾಲು ಅಂಕಿಗಳನ್ನು ಉಗುಳಿತು: 960, 1000, 1096, 1232... ತನ್ನೆದುರಿನ ಕಿಟಕಿ ಮಹಡಿಯ ಗೋಡೆಯ ಮೇಲೂ ಹಾಗೆಯೇ ತೆರೆದುಕೊಂಡಿರುತ್ತದೆ ಎಂಬುದು ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ತಲೆಯ ಮೇಲೆ ಕುರ್ಚಿಗಳು ಜರುಗಿದ ಸದ್ದು, ಆಮೇಲೆ ನೂರಾರು ಕಾಲುಗಳ ದಡದಡ.

"ಏನಾಯ್ತು ಆಪಾ? ಭೂಕಂಪಾನಾ?"

"ಊಟದ ಟೇಬಲ್ ನಂಬರ್ ಹಾಕಿದಾರೆ ಅನ್ಕೊಂಡು ಎಲ್ರೂ ಎದ್ದು ಓಡಿದ್ರು ಕಣೋ! ದುಲ್ಹನ್ ದಾದಿ ಕೈ ತೊಳ್ಕೊಂಡು, ಸಾವಿರದ ತೊಂಬತ್ತಾರನೇ ಟೇಬಲ್ ಎಲ್ಲಿ ಅಂತ ಹುಡುಕ್ತಿದಾರೆ!"

ಅಷ್ಟರಲ್ಲಿ ಅಡುಗೆಯ ಬಾವರ್ಚಿ ಸೌಟು ಹಿಡಿದುಕೊಂಡೇ ಹಾಲಿಗೆ ನುಗ್ಗಿದ. "ಬಿರಿಯಾನಿ ಇನ್ನೂ ದಮ್‌ನಲ್ಲಿದೆ! ನಿಕಾಹ್ ಆಗೋಕ್ ಮುಂಚೆ ಊಟಕ್ಕೆ ಕಳಿಸಿದ ಬುದ್ಧಿವಂತ ಯಾರು?" ಹಾಲಿನಲ್ಲಿದ್ದ ಟೋಪಿಗಳೆಲ್ಲ ಒಟ್ಟಿಗೆ ಫೈಸಲ್ ಕಡೆಗೆ ತಿರುಗಿದವು. ಹೆಂಗಸರನ್ನು ಮತ್ತೆ ಕೂರಿಸುವಷ್ಟರಲ್ಲಿ ಅರೀಬಾಳಿಗೆ ಸಾಕುಸಾಕಾಯಿತು. ಸಿಟ್ಟಿಗೆದ್ದ ದಾದಿ, ಅಂದರೆ ಮದುಮಗಳ ಅಜ್ಜಿ, ಮೇಲಿನಿಂದ ಹುಕುಂ ಕಳಿಸಿದರು: ದುಲ್ಹಾನ ಪೂರ್ತಿ ಮುಖ ಕಾಣೋ ತನಕ ನಿಕಾಹ್ ಇಲ್ಲ!

ಖಾಜಿ ಸಾಹೇಬರು ಗಡಿಯಾರ ನೋಡಿದರು. ಅವಸರದಲ್ಲಿ ಫೈಸಲ್ ಒಂದು ಅಂಕಿ ತಪ್ಪಾಗಿ ಒತ್ತಿದ, ಪರದೆ ಪೂರ್ತಿ ಕತ್ತಲಾಯಿತು.

"ಹುಡುಗ ಮೂರು ಸಲ ಖಬೂಲ್ ಅಂದ್ರೆ ಮದುವೆನೇ ಮುಗಿದೋಗತ್ತೆ," ನಜೀರ್ ಮಾಮು ಹಲ್ಲು ಕಡಿದರು. "ನಿನ್ನ ಡಬ್ಬ ಒಂದು ಸಲಾನೂ ಖಬೂಲ್ ಅಂತಿಲ್ವಲ್ಲೋ!"

ಫೈಸಲ್ ಎಲ್ಲವನ್ನೂ ಮತ್ತೆ ಬರೆದ. ಈ ಸಲ ಕಂಪ್ಯೂಟರ್ ಒಪ್ಪಿತು. "ಬಂತು, ದುಲ್ಹಾ ಬಂದ!" ಎಂದು ಅರೀಬಾ ಕಿರುಚಿದಳು. ಫೈಸಲ್ ಅಲ್ಲಾಹುವಿಗೆ ಶುಕ್ರಿಯಾ ಹೇಳಿ ಕಣ್ಣು ತೆರೆಯುವಷ್ಟರಲ್ಲಿ ಮಾಮು ಅಮರಪ್ಪನಿಗೆ ಸನ್ನೆ ಮಾಡಿಯಾಗಿತ್ತು.

"ಒಂದ್ಸಲ ಆಫ್ ಮಾಡಿ ಆನ್ ಮಾಡಪ್ಪಾ. ಗಟ್ಟಿಯಾಗಿ ಕೂತ್ಕೊಳ್ಳತ್ತೆ."

"ಬೇಡ ಮಾಮು! ಆಫ್ ಮಾಡಿದ್ರೆ ಮರೆತೋಗ—"

ಅಮರಪ್ಪನಿಗೆ ಬರುತ್ತಿದ್ದ ವಿದ್ಯೆ ಅದೊಂದೇ, ಚುರುಕಾಗಿ ಮುಗಿಸಿಬಿಟ್ಟ. ಕಂಪ್ಯೂಟರ್ ಎದ್ದು ಕೂತಾಗ ಹೊಸ ಅಳತೆಯ ನೆನಪೇ ಅದಕ್ಕಿರಲಿಲ್ಲ. ಮಹಡಿಯ ಗೋಡೆಯ ತುಂಬ ಮತ್ತೆ ಸಲ್ಮಾನ್.

"ಇಲ್ಲಿ ಎಲ್ರಿಗೂ ಈಗ ಸಲ್ಮಾನ್ ಅಭ್ಯಾಸ ಆಗ್ಬಿಟ್ಟಿದಾನೆ," ಎಂದಳು ಅರೀಬಾ. "ಸಿಗರೇಟ್ ಸೇದ್ತಾನಾ ಅಂತ ಯಾರೋ ಕೇಳ್ತಿದಾರೆ. ಏನ್ ಹೇಳ್ಲಿ?"

"ಟೀನೂ ಕುಡಿಯಲ್ಲ ಅನ್ನು! ಚಿನ್ನದಂಥ ಹುಡುಗ ಅಂತ ನಾನೇ ಹೇಳ್ದೆ ಅನ್ನು! ಹೇಗಾದ್ರೂ ಮಾಡಿ ಅವರನ್ನ ಕೂರಿಸ್ಕೊಂಡಿರು, ನಿನ್ನ ಕಾಲಿಗೆ ಬೀಳ್ತೀನಿ!"

ಫೈಸಲ್‌ಗೆ ಅಳು ಬರುವುದೊಂದು ಬಾಕಿ. ಬುಷ್ರಾ ಬೇರೆ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಾಳೆ. ಮತ್ತೆ ಎಲ್ಲವನ್ನೂ ಬರೆದು ಗುಂಡಿ ಒತ್ತಿದ. ಏನೂ ಬರಲಿಲ್ಲ. ಗಡಿಬಿಡಿಯಲ್ಲಿ ತಂತಿ ಸಡಿಲವಾಗಿತ್ತು. ಹೊಸ ಶೇರ್ವಾನಿಯ ಆಸೆ ಬಿಟ್ಟು ನಾಲ್ಕು ಕಾಲಲ್ಲಿ ಮೇಜಿನ ಕೆಳಗೆ ತೂರಿ, ತಂತಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದ.

ಮಹಡಿಯಲ್ಲಿ ಹೋ ಎಂಬ ಕೂಗು! ಚಪ್ಪಾಳೆ, ನಗು, ಸೀಟಿ! ಫೈಸಲ್ ಮೇಜಿನ ಕೆಳಗಿಂದಲೇ ಫೋನಿಗೆ ಬಾಯಿ ಕೊಟ್ಟ. "ಬಂತಾ ಆಪಾ?"

"ಬಂತೋ... ಎಲ್ಲಾ ಬಂತು..." ಅರೀಬಾ ನಗುವಿನಲ್ಲಿ ಮಾತು ಮುಗಿಸಲಾಗದೆ ಫೋನ್ ಇಟ್ಟಳು. ಅಕ್ಕನಿಗೂ ಎಷ್ಟು ಸಂತೋಷ ಎಂದುಕೊಂಡ ಫೈಸಲ್. ತಂತಿ ಮತ್ತೆ ಸಡಿಲವಾದೀತೆಂದು ಆದಿಲ್ ಮೂರು ಸಲ ಖಬೂಲ್ ಹೇಳಿ ಮುಗಿಸುವವರೆಗೂ ಕದಲದೆ ಹಾಗೆಯೇ ಹಿಡಿದುಕೊಂಡಿದ್ದ. ಅಷ್ಟು ಸುಖವಾಗಿ ಅವನು ಯಾವತ್ತೂ ಧೂಳು ಕುಡಿದಿರಲಿಲ್ಲ.

ಊಟ ಮುಗಿದ ಮೇಲೆ ಮೆಟ್ಟಿಲ ಬುಡಕ್ಕೆ ಬರಬೇಕೆಂದು ಜಹನಾರಾ ಖಾಲಾ ಹೇಳಿಕಳಿಸಿದರು. ಫೈಸಲ್ ಕೂದಲು ಬಾಚಿಕೊಂಡು, ಮುಖ ತೊಳೆದು ಓಡಿದ. ಅರೀಬಾ ಖಾಲಾರ ಹಿಂದೆಯೇ ನಿಂತಿದ್ದಳು. ತಮ್ಮನ ಮುಖ ನೋಡದೆ ಗೋಡೆ ನೋಡುತ್ತಿದ್ದಳು.

"ಪರದೆ ನೋಡ್ಕೊಂಡ ಹುಡುಗ ನೀನೇನಾ ಬೇಟಾ? ನೂರು ವರ್ಷ ಬಾಳು. ನನ್ನ ಎದೆ ಮೇಲಿನ ಭಾರ ಇಳಿಸ್ಬಿಟ್ಟೆ."

"ಅಯ್ಯೋ, ನಾನೇನು ಮಾಡ್ದೆ ಖಾಲಾ..." ಫೈಸಲ್ ನಾಚಿಕೊಂಡ.

"ಅಲ್ಲ, ಹುಡುಗನ್ನ ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡೋ ಭಾಗ್ಯ ಯಾವ ತಾಯಿಗೆ ಸಿಗತ್ತೆ ಹೇಳು? ಬುಷ್ರಾನೂ ಕಣ್ತುಂಬ ನೋಡಿದ್ಲು, ಹೂಂ ಅಂದ್ಲು. ಸಲ್ಮಾನ್ ಅಮ್ಮ ಮೇಲೇ ಇದ್ರಲ್ಲ, ಅಲ್ಲೇ ಮಾತಾಡಿ ಮುಗಿಸ್ದೆ. ಹೆತ್ತವಳು ಹೊಗಳೋದು ಇದ್ದಿದ್ದೇ ಬಿಡು. ಆದ್ರೆ ಚಿನ್ನದಂಥ ಹುಡುಗ ಅಂತ ನೀನೇ ಹೇಳಿಕಳಿಸ್ದೆಯಂತಲ್ಲ, ಅದನ್ನ ಕೇಳಿದ ಮೇಲೆ ನನಗೆ ಧೈರ್ಯ ಬಂತು."

ಫೈಸಲ್‌ಗೆ ಕೂಗಬೇಕೆನಿಸಿತು, ಆ ಕುರ್ಚಿ ನನ್ನದು ಎಂದು ಹೇಳಬೇಕೆನಿಸಿತು. ಬಾಯಿಂದ ಬಂದದ್ದು "ಮುಬಾರಕ್ ಖಾಲಾ" ಎಂಬುದಷ್ಟೇ.

"ಅವರ ನಿಕಾಹ್‌ಗೂ ಪರದೆ ನೀನೇ ನೋಡ್ಕೋಬೇಕು, ಇಲ್ಲ ಅನ್ನಬಾರ್ದು. ಒಂದೇ ಮಾತು ಬೇಟಾ. ಮೊದ್ಲು ಅರ್ಧ ಬರ್ತಿತ್ತಲ್ಲ, ಅದೇ ಅಳತೆ ಇಡು. ಕೊನೇಲಿ ಪೂರ್ತಿ ಮಾಡಿದ್ಯಲ್ಲ, ಆಗ ಬಲಗಡೆ ಮೂಲೇಲಿ ಯಾವನೋ ಮೇಜಿನ ಕೆಳಗೆ ತಲೆ ತೂರಿಸ್ಕೊಂಡು, ಹಿಂಭಾಗ ನಮ್ ಕಡೆ ಮಾಡ್ಕೊಂಡು ನಿಕಾಹ್ ಮುಗಿಯೋ ತನಕ ಹಾಗೇ ಇದ್ದ. ಹೆಂಗಸರೆಲ್ಲ ನಕ್ಕೂ ನಕ್ಕೂ ಸುಸ್ತಾದ್ರು, ಬುಷ್ರಾ ಅಂತೂ ಕಣ್ಣಲ್ಲಿ ನೀರು ಹಾಕ್ಕೊಂಡ್ಲು. ನನ್ನ ಮಗಳ ಮದುವೇಲಿ ಅಂಥದ್ದೆಲ್ಲ ಕಾಣಬಾರ್ದಪ್ಪ. ಯಾರವನು, ನಿನಗೇನಾದ್ರೂ ಗೊತ್ತಾ?"

ಫೈಸಲ್ ಮೆಲ್ಲಗೆ ಹಿಂದಕ್ಕೆ ಕೈ ಹಾಕಿ ಶೇರ್ವಾನಿಯ ಧೂಳು ಒರೆಸಿಕೊಂಡ.

"ಗೊತ್ತಿಲ್ಲ ಖಾಲಾ," ಎಂದ. "ನಮ್ಮ ಕಡೆಯವನಲ್ಲ."