ಅಳಿಯನ ಕಾರಿಗೆ ಎಣ್ಣೆನೀರು

ನಂಬಬೇಡಿ. ಮೊದಲೇ ಹೇಳಿಬಿಡುತ್ತೇನೆ, ನಂಬಬೇಡಿ. ನಮ್ಮೂರು ಮೈಂದರ್ಗಿಯಲ್ಲಿ ನನ್ನ ಮಾತು ನಂಬುವವರು ಯಾರೂ ಉಳಿದಿಲ್ಲ. ನೀವಾದರೂ ಯಾಕೆ ನಂಬಬೇಕು? ಆದರೂ ಎದೆ ತಟ್ಟಿ ಹೇಳುತ್ತೇನೆ: ಹಾಡುಹಗಲು, ನನ್ನ ಅಂಗಳದಲ್ಲಿ, ಮೂರು ಆಡುಗಳು ಒಂದು ಕಾರನ್ನು ನೆಕ್ಕುತ್ತ ನಿಂತಿದ್ದವು. ಒಂದು ಬಾನೆಟ್ಟಿಗೆ, ಎರಡು ಬಾಗಿಲಿಗೆ. ಕಾರು ನನ್ನ ಅಳಿಯನದು. ಅದನ್ನು ಆಡು ನೆಕ್ಕುವಷ್ಟು ರುಚಿಯಾಗಿ ಮಾಡಿದ ಕೀರ್ತಿ ಮಾತ್ರ ಸಂಪೂರ್ಣ ನನ್ನದು!

ಅಳಿಯ ಶಿವಾನಂದ ಸೋಲಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟವನು. ಬಹಳ ಒಳ್ಳೆಯವನು. ಬಟ್ಟೆಯ ಥಾನು ಮಡಿಸಿದ ಹಾಗೆ ಮಾತನ್ನೂ ಅಂಚಿಗೆ ಅಂಚು ಕೂಡಿಸಿ ಮಡಿಸಿಡುತ್ತಾನೆ. ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬರುವುದಿಲ್ಲ. ನಾನು ಇದನ್ನೆಲ್ಲ ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು ಅದೇ ಕಾರಣಕ್ಕೆ.

ಅವನಿಗೆ ನನ್ನ ಮೇಲೆ ವಿಶ್ವಾಸವಿಲ್ಲ. ತಪ್ಪು ಅವನದಲ್ಲ. ಮದುವೆಯಾದ ಮೊದಲ ದೀಪಾವಳಿಗೆ ಎಣ್ಣೆನೀರಿಗೆಂದು ಬಂದಿದ್ದ. ನಾನು ಗಂಭೀರವಾಗಿ, ಅಳಿಯನನ್ನು ಮರಾಠಿಯ ಮರ್ಯಾದೆಯಲ್ಲಿ ಕರೆದು, “ಜಾವಯಿಬಾಪು, ನಮ್ಮ ಮನೆತನದಾಗ ಒಂದು ಪದ್ಧತಿ ಅದರಿ. ಅಳಿಯ ಆದವ್ರು ಎರಕೊಳ್ಳೂ ಮೊದಲ ಬಾವಿಯಿಂದ ನಲವತ್ತು ಕೊಡ ನೀರು ತಾವ ಸೇದಬೇಕ್ರಿ” ಅಂದೆ. ಪಾಪ, ಸೇದಿದ! ಮೂವತ್ತೊಂದನೆಯ ಕೊಡಕ್ಕೆ ನನ್ನ ಹೆಂಡತಿ ಗೌರಾಬಾಯಿ ನೋಡಿ ಎದೆ ಎದೆ ಬಡಿದುಕೊಂಡಳು. ಅಂದಿನಿಂದ ಹನ್ನೆರಡು ವರ್ಷವಾಯಿತು. ನಾನು ಚಹಾ ಕೊಟ್ಟರೆ ಅವನು ಮೊದಲು ಮೂಸಿ ನೋಡುತ್ತಾನೆ.

ಇಂಥ ಅಳಿಯ ಮೊನ್ನೆ ಸುಗ್ಗಿಯ ದಿನಗಳಲ್ಲಿ ಮಗಳು ಸುಮಿತ್ರಾಳನ್ನು ಕರೆದುಕೊಂಡು ಹೊಸ ಕಾರಿನಲ್ಲಿ ಬಂದ. ಗಾಢ ನೀಲಿ ಬಣ್ಣ. ಇಬ್ಬರೂ ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ರೈಲು ಹಿಡಿದು ಹೈದರಾಬಾದಿಗೆ ಒಂದು ಮದುವೆಗೆ ಹೊರಟಿದ್ದರು. ಸ್ಟೇಷನ್ನಿನಲ್ಲಿ ಬಿಟ್ಟರೆ ಯಾರಾದರೂ ಗೀರುತ್ತಾರೆ ಎಂದು ಕಾರನ್ನು ನಮ್ಮ ಬೇವಿನ ಮರದ ನೆರಳಿಗೆ ನಿಲ್ಲಿಸಿ, ಕೀಲಿಯನ್ನು ತಾನಾಗಿ ನನ್ನ ಕೈಯಲ್ಲಿಟ್ಟ.

“ಮಾವಾರ, ಹ್ವಾದ ವಾರನ ಮೇಣದ ಪಾಲಿಶ್ ಮಾಡಿಸೀನ್ರಿ. ದಯಮಾಡಿ ತೊಳಿಯಾಕ ಹೋಗಬ್ಯಾಡ್ರಿ. ಧೂಳ ಬಿದ್ರ ಬೀಳಲಿ. ತೊಳೀಲೇಬೇಕಂತ ಬಂದ್ರ, ಡಿಕ್ಕಿಯೊಳಗ ಗಾಡಿ ಶಾಂಪೂ ಅದ. ಬಕೆಟ್ಟಿಗೆ ಒಂದ ಮುಚ್ಚಳ. ಬ್ಯಾರೆ ಸಾಬೂನು ಹಚ್ಚಿದ್ರ ಮೇಣ ಎದ್ದು ಹೋಗತದ.”

“ಛೇ ಛೇ, ನಾ ಯಾಕ ಮುಟ್ಟಲಿರಿ?”

ಸ್ಟೇಷನ್ನಿಗೆ ಹೋಗುವ ಟಮ್‌ಟಮ್ ಆಟೋ ಹತ್ತುವಾಗ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು.

“ಅಪ್ಪಾ, ಅವರಾಗೇ ಕೀಲಿ ಕೊಟ್ಟಾರ. ನಾ ಒಂದ ಮಾತ ಹೇಳಿಲ್ಲ. ಹನ್ನೆರಡು ವರ್ಷದಾಗ ಮೊದಲ ಸಲ ನಿನ್ನ ಕೈಯಾಗ ಏನರೆ ಬಿಟ್ಟು ಹೊಂಟಾರ. ನನ್ನ ಮಾರಿ ನೋಡಿ ಈ ಸಲ ಚೇಷ್ಟಿ ಬಿಡಪಾ.”

“ನಿನ್ನಾಣಿ, ಸುಮಿ.”

ನಿಜವಾಗಿಯೂ ಆಣೆ ಮಾಡಿದ್ದೆ. ನನಗೆ ಕಾರು ನಡೆಸಲು ಬಾರದು, ಕೀಲಿ ನನ್ನ ಬಳಿ ಇದ್ದದ್ದು ಬರೀ ಗೌರವಕ್ಕೆ. ಆದರೆ ಆ ಗೌರವವನ್ನು ಜನಿವಾರದ ಹಾಗೆ ಕೊರಳಿಗೆ ದಾರ ಕಟ್ಟಿ ಹಾಕಿಕೊಂಡು ಊರೆಲ್ಲ ತಿರುಗಿದೆ.

ಎರಡು ದಿನ ಕಳೆಯಿತು. ಮೂರನೆಯ ದಿನ ಸಂಜೆಗೆ ಅವರು ಬರಬೇಕು. ಅಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಬೇವಿನ ಮರದಲ್ಲಿ ಸಭೆ ಸೇರಿದ್ದ ಕಾಗೆಗಳೆಲ್ಲ ಕಾರಿನ ಮೇಲೆ ತಮ್ಮ ತಮ್ಮ ಅಭಿಪ್ರಾಯ ಮಂಡಿಸಿವೆ! ಅದರ ಮೇಲೆ ಎರಡು ದಿನದ ಧೂಳು.

“ಜಾವಯಿಬಾಪು ಇದನ್ನ ನೋಡಿದ್ರ ಏನಂದಾರು?” ಅಂದಳು ಗೌರಾಬಾಯಿ.

“ತೊಳಿಬ್ಯಾಡ್ರಿ ಅಂದಾರ.”

“ಧೂಳಾದ್ರ ಅಂದಾರ. ಇದನ್ನೂ ಇಡ್ರಿ ಅಂದಾರೇನು?”

ನ್ಯಾಯವಾದ ಮಾತು. ಡಿಕ್ಕಿ ತೆಗೆದೆ. ಅಂಗೈಯಷ್ಟು ಶಾಂಪೂ ಬಾಟಲಿ. ಬಕೆಟ್ಟಿಗೆ ಒಂದು ಮುಚ್ಚಳ ಹಾಕಿ ಕಲಕಿದೆ. ಬಂದ ನೊರೆ ನನ್ನ ಗಡ್ಡಕ್ಕೂ ಸಾಲದು. ಮೊದಲು ಬರೀ ನೀರು ಎರಚಿದೆ. ಅಬ್ಬಾ! ನೀರು ಬಾನೆಟ್ಟಿನ ಮೇಲೆ ದುಂಡು ದುಂಡು ಹನಿಯಾಗಿ, ಮುತ್ತು ಚೆಲ್ಲಿದಂತೆ ಉರುಳಿತು. ಇದೇ ಮೇಣದ ಮಹಿಮೆ. ಪಕ್ಕದ ಮನೆಯ ರೇವಪ್ಪನನ್ನು ಕೂಗಿ ಕರೆದು ತೋರಿಸಿದೆ. ರೇವಪ್ಪ ನನ್ನ ಬಾಲ್ಯದ ಗೆಳೆಯ, ಐವತ್ತು ವರ್ಷಗಳಿಂದ ನನ್ನ ಚೇಷ್ಟೆಗಳಿಗೆ ಬಲಿಯಾಗುತ್ತ ಬಂದವನು.

“ನೋಡು ರೇವ್ಯಾ, ಮುತ್ತು!”

“ಮುತ್ತು ಚಂದ ಅವ. ಕಾಗಿದು ಹಂಗ ಅದಲ್ಲ?”

ಅಲ್ಲಿಯೇ ನನ್ನ ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು. ನೆನೆಸಿಟ್ಟರೆ ತಾನಾಗಿ ಬಿಡುತ್ತಿತ್ತು ಎಂದು ಈಗ ಗೊತ್ತು. ಆಗ ನೇರ ಅಡುಗೆಮನೆಗೆ ಹೋದೆ. ಭಾಂಡೆ ತಿಕ್ಕುವ ಸಾಬೂನು ತಂದೆ. ಎಣ್ಣೆ ಬಾಣಲೆಯ ಜಿಡ್ಡನ್ನೇ ತೆಗೆಯುವುದು, ಕಾಗೆಯದೇನು ಲೆಕ್ಕ? ಉಜ್ಜಿದೆ ನೋಡಿ! ಎಂಥ ನೊರೆ! ಕಾರು ನೊರೆಯೊಳಗೆ ಕಾಣೆಯಾಯಿತು. ನಾನೂ ಅರ್ಧ ಕಾಣೆಯಾದೆ. ಗಲ್ಲಾಪೆಟ್ಟಿಗೆಯ ಮೇಲೆ ಕೂತ ಸಾಹುಕಾರನಂತೆ ಎದೆಯುಬ್ಬಿಸಿ ನಾಲ್ಕು ಕೊಡ ನೀರು ಸುರಿದೆ. ಒರೆಸಲು ಟ್ರಂಕಿನಿಂದ ಮೆತ್ತನೆಯ ಸೋಲಾಪುರಿ ಟವೆಲ್ಲನ್ನೂ ತೆಗೆದೆ.

“ಅಯ್ಯ ನನ ಶಿವನ! ಅದು ಅಳ್ಯಾಗ ಎರೀಲಾಕ ಇಟ್ಟ ಟವೆಲ್ರಿ!” ಗೌರಾಬಾಯಿ ಓಡಿ ಬಂದಳು.

“ಅಳ್ಯಾನ ಗಾಡಿಗೇ ಅಲ್ಲೇನ ಒರಸೂದು? ಮನ್ಯಾಗ ಉಳೀತಲ್ಲ!”

ಕಾರು ಬೆಳ್ಳಗೆ, ಅಂದರೆ ನೀಲಿಯಾಗಿ, ಹೊಳೆಯಿತು. ಗೆದ್ದೆ ಅಂದುಕೊಂಡೆ. ರೇವಪ್ಪನಿಗೆ ಮತ್ತೊಮ್ಮೆ ತೋರಿಸೋಣ ಎಂದು ಒಂದು ಚೊಂಬು ನೀರು ಚೆಲ್ಲಿದೆ.

ಮುತ್ತು ಬರಲಿಲ್ಲ.

ಇನ್ನೊಂದು ಚೊಂಬು. ನೀರು ನೆಲಕ್ಕೆ ಹಾಸಿದ ಚಾದರದಂತೆ ಚಪ್ಪಟೆಯಾಗಿ ಹರಡಿ ಸುಮ್ಮನೆ ಮಲಗಿತು.

“ಮುತ್ತು ಎಲ್ಲಿ ಹ್ವಾದ್ವೋ ಸಿದ್ರಾಮಾ?” ರೇವಪ್ಪ ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿದ.

ಮೇಣ ಎದ್ದು ಹೋಗಿತ್ತು! ಅಷ್ಟರಲ್ಲಿ ಸರಿಯಾಗಿ ಮಗಳ ಫೋನು.

“ಅಪ್ಪಾ, ಗಾಡಿ ಹ್ಯಾಂಗದ?”

“ನೀವು ಹ್ಯಾಂಗ ಬಿಟ್ಟು ಹೋಗಿದ್ರಿ, ಹಂಗ ಅದವ್ವ.”

“ಅವರು ದಾರಿ ತುಂಬ ಅದನ್ನ ಹೇಳಾಕತ್ತಾರ. ಮಾವಾರು ಈ ಸಲ ಭಾಳ ಜ್ವಾಕಿ ಮಾಡ್ಯಾರ ಅಂತ.”

ಜೀವಮಾನದಲ್ಲಿ ಸಾವಿರ ಸುಳ್ಳು ಹೇಳಿದ್ದೇನೆ, ಪ್ರತಿಯೊಂದಕ್ಕೂ ಖುಷಿಪಟ್ಟಿದ್ದೇನೆ. ಆ ಒಂದು ಸುಳ್ಳು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ನಾನು ಮೀನು ತಿನ್ನುವವನಲ್ಲ, ಆದರೂ ಸಿಕ್ಕಿಕೊಂಡಿತು.

ಆಮೇಲೆ ನನ್ನ ತಲೆ ಓಡಿತು. ಓಡಬಾರದಿತ್ತು. ಹೊಳಪು ಹೋದ ಮೈಗೆ ನಮ್ಮ ಮನೆಯಲ್ಲಿ ಏನು ಮಾಡುತ್ತೇವೆ? ಎಣ್ಣೆ ಹಚ್ಚುತ್ತೇವೆ! ಅಳಿಯನಿಗೆ ದೀಪಾವಳಿಗೆ ಹಚ್ಚುವುದಿಲ್ಲವೇ? ಅಳಿಯನಿಗೆ ಆಗುವುದು ಅವನ ಕಾರಿಗೆ ಆಗದೆ? ಹೊಸ ಕುಸುಬೆ ಎಣ್ಣೆಯ ಡಬ್ಬಿ ತೆಗೆದು ನೆತ್ತಿಯಿಂದ ಶುರುಮಾಡಿದೆ. ಛಾವಣಿಯ ಮೇಲೆ ತಟ್ಟಿ ತಟ್ಟಿ ಹಚ್ಚಿದೆ. ಬೆನ್ನು, ಪಕ್ಕೆ, ಮೊಣಕಾಲು, ಅಂದರೆ ಬಂಪರು, ಒಂದನ್ನೂ ಬಿಡಲಿಲ್ಲ. ಆಮೇಲೆ ಉಸಿರು ಬಿಗಿ ಹಿಡಿದು ನೀರು ಚಿಮುಕಿಸಿದೆ.

ಮುತ್ತು! ಮೊದಲಿಗಿಂತ ದಪ್ಪ ಮುತ್ತು!

“ಹಿಂಗ ಕಾಯತೀವಿ ನಾವು ಮರ್ಯಾದಿ!” ಅಂದೆ.

“ಬಿಸಲು ಏರಲಿ ತಡಿ” ಅಂದ ರೇವಪ್ಪ.

ಬಿಸಿಲು ಏರಿತು. ಮರದ ನೆರಳು ಗೋಡೆ ಕಡೆ ಸರಿಯಿತು, ಕಾರು ಬಯಲಿಗೆ ಬಿತ್ತು. ಸರಿಸೋಣ ಎಂದರೆ ಕೊರಳಲ್ಲಿ ಕೀಲಿ ಇದೆ, ಕೈಯಲ್ಲಿ ವಿದ್ಯೆ ಇಲ್ಲ. ಅದೇ ಹೊತ್ತಿಗೆ ರೇವಪ್ಪನ ಹೊಲದಲ್ಲಿ ಜೋಳದ ರಾಶಿಯ ಮಷಿನ್ ಶುರುವಾಯಿತು. ಗಾಳಿ ನಮ್ಮ ಮನೆಯ ಕಡೆಗೇ. ಅರ್ಧ ತಾಸಿನಲ್ಲಿ ಜೋಳದ ಹೊಟ್ಟೆಲ್ಲ ಎಣ್ಣೆಗೆ ಮೆತ್ತಿಕೊಂಡು ಕಾರಿಗೆ ಮೈತುಂಬ ಕೂದಲು ಬಂತು! ಕರಡಿ ಕೂತ ಹಾಗೆ ಕಾಣುತ್ತಿತ್ತು. ಎಣ್ಣೆ, ಜೋಳ, ಎರಡೂ ಒಂದೇ ತಟ್ಟೆಯಲ್ಲಿ ಬಡಿಸಿದ ಮೇಲೆ ಆಡುಗಳಿಗೆ ಆಮಂತ್ರಣ ಪತ್ರಿಕೆ ಬೇಕೆ? ಬಂದವು. ಮೊದಲೇ ಹೇಳಿದೆನಲ್ಲ, ಒಂದು ಬಾನೆಟ್ಟಿಗೆ, ಎರಡು ಬಾಗಿಲಿಗೆ.

ಆಡು ಓಡಿಸಿ ತಲೆಯ ಮೇಲೆ ಕೈ ಹೊತ್ತು ಕೂತೆ. ಗೌರಾಬಾಯಿಗೆ ನನ್ನ ಮುಖ ನೋಡಿ ಮರುಕ ಬಂತು. ಪಕ್ಕ ಬಂದು ಕೂತಳು.

“ಎಣ್ಣಿ ಹಚ್ಚಿದ ಮ್ಯಾಲೆ ಏನ ಹಚ್ಚತಾರ?”

“ಕಡ್ಲಿಹಿಟ್ಟು.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮದುವೆಯಾಗಿ ನಲವತ್ತೈದು ವರ್ಷದಲ್ಲಿ ಇಷ್ಟು ಒಮ್ಮತ ನಮ್ಮಲ್ಲಿ ಎಂದೂ ಬಂದಿರಲಿಲ್ಲ. ಬೋಗುಣಿ ತುಂಬ ಕಡಲೆಹಿಟ್ಟು ಕಲಸಿ ಇಬ್ಬರೂ ಎರಡು ಕಡೆಯಿಂದ ಬಳಿದೆವು. ಸ್ವಲ್ಪ ನೆನೆಯಲಿ, ಆಮೇಲೆ ನೀರು ಹಾಕೋಣ ಎಂದು ಒಳಗೆ ಹೋಗಿ ಊಟಕ್ಕೆ ಕೂತೆವು. ಊಟ ಮುಗಿಸಿ ಬರುವಷ್ಟರಲ್ಲಿ ಬಿಸಿಲಿಗೆ ಹಿಟ್ಟು ಗಟ್ಟಿಯಾಗಿ, ಬಿರುಕು ಬಿಟ್ಟು, ಹಳದಿಯಾಗಿ ಕೂತಿತ್ತು. ಉಗುರಿನಿಂದ ಕೆರೆದರೂ ಏಳಲೊಲ್ಲದು.

ರೇವಪ್ಪ ಗೋಡೆಯ ಮೇಲೆ ಗದ್ದ ಊರಿ ನೋಡುತ್ತಿದ್ದ.

“ಎಣ್ಣಿ ಹಾಕ್ದಿ, ಕಡ್ಲಿಹಿಟ್ಟ ಹಚ್ಚಿದಿ, ಬಿಸಲಾಗ ಇಟ್ಟಿ. ಭಜಿ ಎಷ್ಟೊತ್ತಿಗೆ ಆಗ್ತಾವೋ? ಚಹಾ ಇಡಾಕ ಹೇಳ್ಲೇನು?”

ಉತ್ತರ ಕೊಡಲು ಬಾಯಿ ತೆರೆದೆ. ಅಂಗಳದ ಮುಂದೆ ಟಮ್‌ಟಮ್ ನಿಂತಿತು. ಸಂಜೆ ಬರಬೇಕಾದವರು ಮಧ್ಯಾಹ್ನದ ರೈಲಿಗೇ ಬಂದಿದ್ದರು!

ಅಳಿಯ ಇಳಿದ. ನೋಡಿದ.

“ಹೇ ಕಾಯ್ ಆಹೇ?”

ಇದೇನು ಎಂದು ಕೇಳಿದ್ದು ಮರಾಠಿಯಲ್ಲಿ. ಅವನಿಗೆ ಸಿಟ್ಟು ಬರುವುದು ಮರಾಠಿಯಲ್ಲೇ. ಮಗಳು ನನ್ನನ್ನೇ ನೋಡುತ್ತಿದ್ದಳು. ನನ್ನ ಬಳಿ ನಾಲ್ಕು ಸುಳ್ಳು ತಯಾರಿದ್ದವು. ಸುಂಟರಗಾಳಿಯ ಸುಳ್ಳಂತೂ ಬಹಳ ಚಂದವಿತ್ತು. ಆದರೆ ಅವಳ ಮುಖ ನೋಡಿ ಅದೂ ಬರಲಿಲ್ಲ.

“ಮುಟ್ಟಬ್ಯಾಡ್ರಿ ಅಂದಿದ್ರಿ. ಮುಟ್ಟೀನ್ರಿ. ಮೇಣ ಹೋಗ್ಯಾದ. ತಪ್ಪು ನಂದ್ರಿ.”

ಅಳಿಯ ಒಂದು ಕ್ಷಣ ನನ್ನನ್ನು ನೋಡಿ, ನಕ್ಕು, ತಲೆ ಅಲ್ಲಾಡಿಸಿದ.

“ಸಾಕ್ರಿ ಮಾವಾರ ಚೇಷ್ಟಿ. ಈ ಹಳೇ ಡಬ್ಬಾ ಎಲ್ಲಿಂದ ತಂದ್ರಿ? ನನ್ನ ಗಾಡಿ ಎಲ್ಲಿ ಮುಚ್ಚಿಟ್ಟೀರಿ?”

ನಂಬಲಿಲ್ಲ! ಜೀವನದಲ್ಲಿ ಮೊದಲ ಸಲ ಎಲ್ಲವನ್ನೂ ಒಪ್ಪಿಕೊಂಡರೆ ಅದನ್ನೂ ನಂಬಲಿಲ್ಲ! ಮನೆಯ ಹಿಂದೆ ಹೋಗಿ ನೋಡಿದ. ದನದ ಕೊಟ್ಟಿಗೆಯಲ್ಲಿ ನೋಡಿದ. ಜೋಳದ ಕಣಕಿಯ ಬಣವೆಯ ಹಿಂದೆ ಕೂಡ ಹೋಗಿ ಬಂದ. ನಾನು ಅವನ ಹಿಂದೆ ಹಿಂದೆ, “ಅದೇರಿ ನಿಮ್ಮ ಗಾಡಿ, ಖರೇನ ಹೇಳ್ತೀನಿ” ಎಂದು ಗೋಗರೆಯುತ್ತ ತಿರುಗಿದೆ. ಕೊನೆಗೆ ಅವನೇ ನಂಬರ್ ಪ್ಲೇಟಿನ ಮೇಲಿನ ಹಿಟ್ಟು ಕೆರೆದ. ಒಂದು ಅಂಕಿ. ಎರಡು ಅಂಕಿ. ಮೂರನೆಯದಕ್ಕೆ ಕಟ್ಟೆಯ ಮೇಲೆ ಕೂತುಬಿಟ್ಟ.

ರೇವಪ್ಪ ಗೋಡೆಯಿಂದ ಗದ್ದ ತೆಗೆದ.

ಆಮೇಲೆ ಅಳಿಯ ಎದ್ದು ಪ್ಯಾಂಟು ಮಡಿಸಿಕೊಂಡ.

“ಮಾವಾರ, ಎರಡು ಬಕೆಟ್ ತರ್ರಿ. ಒಂದರಾಗ ಶಾಂಪೂ, ಒಂದರಾಗ ಬರೀ ನೀರು.”

ಕನ್ನಡ! ಕನ್ನಡದಲ್ಲಿ ಮಾತಾಡಿದ! ನಾನು ಎರಡು ಕೇಳಿದರೆ ನಾಲ್ಕು ತಂದೆ.

ತನ್ನ ಬಳಿಯಿದ್ದ ಇನ್ನೊಂದು ಕೀಲಿಯಿಂದ ಕಾರನ್ನು ನೆರಳಿಗೆ ಸರಿಸಿ ಒದ್ದೆ ಬಟ್ಟೆ ಹೊದಿಸಿದ. ಹಿಟ್ಟು ತಾನಾಗಿ ಮೆತ್ತಗಾಗುವ ತನಕ ಕಾದ. ಮೇಲಿನಿಂದ ಕೆಳಗೆ, ಒಂದೊಂದೇ ಭಾಗ ತೊಳೆದು, ಆರುವ ಮೊದಲೇ ನೀರು ಬಿಟ್ಟ. ಬಟ್ಟೆಯನ್ನು ಪ್ರತಿ ಸಲ ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿಕೊಂಡ. ನಾನು ಎದುರು ಬದಿಯಲ್ಲಿ ಅವನು ಹೇಳಿದಂತೆ, ಮರುಮಾತಿಲ್ಲದೆ ತೊಳೆದೆ. ಅರ್ಧ ಆದ ಮೇಲೆ ಅವನೇ ಮೆಲ್ಲಗೆ ಹೇಳಿದ:

“ನಮ್ಮಪ್ಪನ ಸ್ಕೂಟರ್ ನಾ ಒಮ್ಮೆ ಸೋಡಾ ಹಾಕಿ ತೊಳದಿದ್ದೆರಿ. ಬಣ್ಣಾನ ಹ್ವಾತು. ಅವರು ಎರಡು ತಿಂಗಳ ಮಾತಾಡಲಿಲ್ಲ.”

“ನೀವು ಎಷ್ಟು ದಿನ ಬಿಡ್ತೀರಿ?”

“ಮಾತಾಡಾಕತ್ತೀನಲ್ರಿ.”

ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ತಂದಳು. ಕಪ್ಪು ನಾನೇ ಅವನ ಕೈಗಿಟ್ಟೆ. ಬಣ್ಣಕ್ಕೇನೂ ಆಗಿರಲಿಲ್ಲ, ಮೇಣ ಮಾತ್ರ ಹೋಗಿತ್ತು. “ಮತ್ತ ಹಚ್ಚಿದ್ರಾತು ಬಿಡ್ರಿ” ಅಂದ. ಹೊರಡುವ ಮೊದಲು ಕಾರಿನ ಇನ್ನೊಂದು ಕೀಲಿಯನ್ನು ಜೇಬಿನಿಂದ ತೆಗೆದು ನಮ್ಮ ಪಡಸಾಲೆಯ ಗೂಟಕ್ಕೆ ನೇತುಹಾಕಿ, “ಇದು ಇಲ್ಲೇ ಇರಲಿ ಮಾವಾರ, ನಿಮ್ಮ ಹಂತ್ಯಾಕ” ಅಂದ.

ಈಗ ನಿಜ ಹೇಳುತ್ತೇನೆ. ಆಡು ನಿಜ, ಹಿಟ್ಟು ನಿಜ, ಬಣವೆಯ ಹಿಂದೆ ಕಾರು ಹುಡುಕಿದ್ದೂ ನಿಜ. ಆ ಗೂಟದ ಕೀಲಿ ಒಂದೇ ನಾನು ಕಟ್ಟಿದ ಕಥೆ. ಅವನು ಹೊರಡುವಾಗ ನನ್ನ ಕೊರಳಿನ ದಾರವನ್ನು ಮೆತ್ತಗೆ ಬಿಚ್ಚಿ, ಕೀಲಿಯನ್ನು ಅಂಗಿಯ ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಾಗಲೂ ಒಂದು ಕೈ ಜೇಬಿನ ಮೇಲೇ ಇತ್ತು!