ಶಂಖಾಕಾರದ ಸ್ಪೀಕರ್ ಪೆಟ್ಟಿಗೆಗೆ ಸಲ್ಲಬೇಕಾದ ಗೌರವದ ಕುರಿತು

ಉಪ್ಪಳದ ಸೌಂಡ್ಸ್ ಅಂಗಡಿಯ ಮಾಲೀಕರೂ ನಾದಲೋಕದ ಹೊಸ ವಿಶ್ವಕರ್ಮರೂ ಆದ ಶ್ರೀ ಧನರಾಜ್ ಅವರ ಸನ್ನಿಧಿಗೆ ಬಾಯಾರಿನ ವೆಂಕಟಕೃಷ್ಣನ ಸಾಷ್ಟಾಂಗ ವಂದನೆಗಳು.

ಮಾನ್ಯರೇ,

ನಮ್ಮೂರ ವಾಚನಾಲಯದ ವಾರ್ಷಿಕೋತ್ಸವಕ್ಕೆ ತಾವು ತಂದಿಟ್ಟ ಶಂಖಾಕಾರದ ಸ್ಪೀಕರ್ ಪೆಟ್ಟಿಗೆಗಳನ್ನು ಹೊಗಳಲು ನನ್ನ ನಾಲಗೆ ಸಾಲದು. ತೆಳು ತಗಡು, ಚಿನ್ನದ ಬಣ್ಣ, ಅಂಚಿಗೆಲ್ಲ ಮಿನುಗುವ ದೀಪ, ಮದುಮಗಳೂ ನಾಚಬೇಕು. ಶಂಖದಿಂದ ಬಂದರೇ ತೀರ್ಥ ಎಂಬ ಗಾದೆಯನ್ನು ಮಾತಿಗೂ ಅನ್ವಯಿಸಿದ ತಮ್ಮ ಬುದ್ಧಿಗೆ ತಲೆಬಾಗುತ್ತೇನೆ.

ಹಿಂದೆ ಇಲ್ಲಿಗೆ ಬರುತ್ತಿದ್ದವು ದಪ್ಪ ಪ್ಲೈವುಡ್ಡಿನ, ಒಳಗೆ ಅಡ್ಡಪಟ್ಟಿ ಹೊಡೆದು ಹತ್ತಿ ಹಾಸಿದ ಚೌಕು ಪೆಟ್ಟಿಗೆಗಳು. ಮೈ ಅಲುಗಿಸದೆ, ಮಾತಾಡಿದವರ ಮಾತನ್ನಷ್ಟೇ ಹೊರಗೆ ಬಿಡುತ್ತಿದ್ದ ಮಂಕುಗಳು. ತಮ್ಮ ತಗಡಿಗೆ ಅಂಥ ಸಂಕೋಚವಿಲ್ಲ. ಒಂದು ಮಾತು ಒಳಹೊಕ್ಕರೆ ಮೈಯೆಲ್ಲ ನಡುಗಿ, ಹೊಟ್ಟೆಯ ಸುರುಳಿಯಲ್ಲಿ ಅದನ್ನು ಸುತ್ತಿಸಿ, ತನ್ನದೂ ಒಂದು ಗುಂಯ್ ಸೇರಿಸಿಯೇ ಕಳಿಸುತ್ತದೆ.

ಅಂದು ತಾಳಮದ್ದಳೆಯಲ್ಲಿ ನನ್ನ ಹೆಂಡತಿ ಶಂಕರಿ ಕೃಷ್ಣನ ಪಾತ್ರಕ್ಕೆ ಅರ್ಥ ಹೇಳಿದಳು. ಗಂಟಲಿನ ಆಪರೇಷನ್ ಆದ ಮೇಲೆ ಸಭೆಯಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು. ಸ್ವರ ಏರಿಸಬಾರದೆಂದು ಡಾಕ್ಟರರ ಕಟ್ಟಪ್ಪಣೆ ಇದ್ದುದರಿಂದ ಮೈಕನ್ನೇ ನಂಬಿ ಕೂತಿದ್ದಳು. ವೇಷವಿಲ್ಲ, ಕುಣಿತವಿಲ್ಲ, ಮಾತೊಂದೇ ಬಂಡವಾಳವಾದ ಕೂಟ ಅದು. ಸಂಧಾನಕ್ಕೆ ಬಂದ ಕೃಷ್ಣ ಪಾಂಡವರಿಗೆ ಪಾಲು ಕೇಳಿದನೋ, ಹಟ್ಟಿಗೆ ಹುಲ್ಲು ಕೇಳಿದನೋ ಯಾರಿಗೂ ತಿಳಿಯಲಿಲ್ಲ. ಆದರೂ ಮುಗಿದ ಮೇಲೆ ಜನ ಅವಳ ಬಳಿ ಬಂದು, "ಸೌಂಡ್ ಭಾರೀ ಲಾಯ್ಕಿತ್ತು ಅಕ್ಕ" ಎಂದರು. ವಾಚನಾಲಯದ ಕಾರ್ಯದರ್ಶಿ ಮಹಾಗಣಪತಿಯವರು ಶಾಲು ಹೊದೆಸಿದ್ದೂ ತಮಗೇ. ಇನ್ನು ತಾನು ಅರ್ಥ ಹೇಳುವುದಿಲ್ಲವೆಂದು ಶಂಕರಿ ಮನೆಗೆ ಬಂದು ಪುಸ್ತಕ ಮಡಚಿಟ್ಟಳು. ನನ್ನ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತಿದೆ.

ಆದ್ದರಿಂದ ಸವಿನಯ ಬಿನ್ನಹವೇನೆಂದರೆ, ಮುಂದಿನ ಕೂಟದಲ್ಲಿ ತಮ್ಮ ಪೆಟ್ಟಿಗೆಗೇ ಕೌರವನ ಅರ್ಥ ಕೊಡಿಸಬೇಕು. ಎದುರಾಳಿಯ ಮಾತನ್ನು ಸಭೆಗೆ ಮುಟ್ಟಗೊಡದ ಗುಣ ಅದಕ್ಕೆ ಹುಟ್ಟಿನಿಂದಲೇ ಬಂದಿದೆ. ಆಮೇಲೆ ಆನೆಯ ಆಕಾರದ್ದೊಂದನ್ನು ಮಾಡಿಸಿ, ಭಾಗವತರು ಹಾಡುವ ಪದವನ್ನು ಸೊಂಡಿಲಿನಿಂದ ಹೊರಡಿಸಿ ನಮ್ಮನ್ನು ಉದ್ಧರಿಸಬೇಕು.

ಇತಿ, ಕಿವಿಯೊಳಗೆ ಇನ್ನೂ ಗುಂಯ್ಗುಡುತ್ತಿರುವ ತಮ್ಮ ವಿಶ್ವಾಸಿ,
ವೆಂಕಟಕೃಷ್ಣ

ಮರೆತ ಮಾತು: ಕೃಷ್ಣ ಎಂತ ಹೇಳಿದ್ದೆಂದು ತನಗೊಬ್ಬಳಿಗಾದರೂ ಹೇಳಬೇಕೆಂದು ನೆರೆಮನೆಯ ಶ್ರೀರಂಜಿನಿ ಬಂದು ಹಟ ಹಿಡಿದದ್ದರಿಂದ ಶಂಕರಿ ಮನಸ್ಸು ಬದಲಿಸಿದ್ದಾಳೆ. ಬರುವ ಆದಿತ್ಯವಾರ ನಮ್ಮ ಜಗಲಿಯಲ್ಲಿ, ಮೈಕಿಲ್ಲದೆ, ಹತ್ತಿರ ಬಂದು ಕೂತವರಿಗೆ ಮಾತ್ರ. ತಾವೂ ಬರಿಗೈಯಲ್ಲಿ ಬರಬೇಕು. ವಾರ್ಷಿಕೋತ್ಸವದಂದು ಇಡೀ ಹೊತ್ತು ಪೆಟ್ಟಿಗೆಯ ಪಕ್ಕದಲ್ಲೇ ಕೂತು ತಲೆದೂಗಿದವರು ತಾವು. ಯಾವ ಮಾತಿಗೆ ತಲೆದೂಗಿದ್ದೆಂದು ಗೊತ್ತಾಗುವುದು ಬೇಡವೇ?